ಹಳೆ ಮಾರುತಿ 800ರ ಮುಂಗಾಲು ರಿಪೇರಿ: ಮೊದಲು ಸದ್ದು ಹುಡುಕಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ

ನಮ್ಮ ಮನೆಯ ಮಾರುತಿ 800 ಅಪ್ಪ 2005ರಲ್ಲಿ ಕೊಂಡದ್ದು. ಎರಡು ವರ್ಷದ ಹಿಂದೆ ಅದರ ಮುಂದಿನ ಎಡಗಾಲಿನಿಂದ ಒಂದು ಸದ್ದು ಶುರುವಾಯಿತು. ರಸ್ತೆ ನುಣುಪಾಗಿದ್ದರೆ ಸುಮ್ಮನಿರುತ್ತಿತ್ತು. ಒಂದು ಚಕ್ರ ಗುಂಡಿಗೆ ಇಳಿದರೆ ‘ಟೊಕ್’ ಅನ್ನುತ್ತಿತ್ತು. ಗ್ಯಾರೇಜಿಗೆ ಒಯ್ದೆ. ಅಲ್ಲಿದ್ದವರು ಬಾನೆಟ್ ಮೇಲೆ ಎರಡು ಸಲ ಕೈಯೂರಿ ಒತ್ತಿ, “ಶಾಕ್ ಹೋಗಿದೆ ಸಾರ್, ಜೋಡಿ ಚೇಂಜ್ ಮಾಡ್ಬೇಕು” ಅಂದರು. ಮಾಡಿಸಿದೆ. ದುಡ್ಡು ಕೊಟ್ಟು ಗೇಟು ದಾಟಿದ್ದೇ ತಡ, ಮೊದಲ ಗುಂಡಿಯಲ್ಲೇ ‘ಟೊಕ್’.

ಕೊನೆಗೆ ಸಿಕ್ಕಿದ ಕಳ್ಳ ಯಾರು ಗೊತ್ತಾ? ಸ್ಟೆಬಿಲೈಸರ್ ಬಾರ್‌ನ ತುದಿಗೆ ಹಾಕುವ ರಬ್ಬರ್ ಬುಷ್, ಅಂದರೆ ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ಕೂರಿಸುವ ರಬ್ಬರ್ ಉಂಗುರ. ಇಬ್ಬರು ಹೋಟೆಲಿನಲ್ಲಿ ಉಂಡರೆ ಆಗುವಷ್ಟೂ ಇಲ್ಲ ಅದರ ಬೆಲೆ. ಹಾಗಾಗಿ ಈ ಲೇಖನದಲ್ಲಿ ಬಿಚ್ಚುವುದಕ್ಕೆ ಮೊದಲು ಹುಡುಕುವುದಕ್ಕೂ ಸಾಕಷ್ಟು ಜಾಗ ಕೊಟ್ಟಿದ್ದೇನೆ. ಬಿಚ್ಚುವುದು ಒಂದು ಮಧ್ಯಾಹ್ನದ ಕೆಲಸ, ಅಷ್ಟೇ.

ಮಾರುತಿ 800 ಅನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಕಾರು, 2014ರ ಜನವರಿಯವರೆಗೆ ತಯಾರಾಯಿತು. ಈಗಲೂ ಊರೂರಲ್ಲಿ ಓಡುತ್ತಿದೆ. ಪಾರ್ಟುಗಳು ಸಿಗುತ್ತವೆ. ಚಕ್ರದ ಸುತ್ತ ಕೈ ಹಾಕಲು ಜಾಗವಿದೆ, ಅಲ್ಲಿ ಎಲೆಕ್ಟ್ರಾನಿಕ್ಸ್ ಕಾಟ ಇಲ್ಲ. ಇದರಲ್ಲಿ ಕೈ ಪಳಗಿದರೆ ಝೆನ್, ಆಲ್ಟೊ, ಸ್ಯಾಂಟ್ರೊ ಯಾವುದರ ಕೆಳಗೆ ಇಣುಕಿದರೂ ಪರಿಚಯದ ಮುಖಗಳೇ ಕಾಣುತ್ತವೆ.

ಒಳಗೆ ಏನೇನಿದೆ?

ಮುಂದಿನ ಚಕ್ರ ತೆಗೆದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ. ಮೇಲಿನಿಂದ ಕೆಳಕ್ಕೆ ಇಳಿದಿರುವ ದಪ್ಪ ಕಂಬವೇ ಸ್ಟ್ರಟ್. ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಎರಡೂ ಅದರಲ್ಲೇ. ಕೆಳಗೆ ಕಾರಿನ ನಡುವಿನಿಂದ ಚಕ್ರದ ಕಡೆಗೆ ಚಾಚಿದ ಕಬ್ಬಿಣದ ತೋಳು ಲೋವರ್ ಆರ್ಮ್. ಅದರ ಒಳತುದಿಯಲ್ಲಿ ರಬ್ಬರ್ ಬುಷ್, ಹೊರತುದಿಯಲ್ಲಿ ಬಾಲ್ ಜಾಯಿಂಟ್. ಬಾಲ್ ಜಾಯಿಂಟ್ ಅಂದರೆ ನಮ್ಮ ಸೊಂಟದ ಕೀಲು ಇದ್ದ ಹಾಗೆ. ಗುಂಡು ತಲೆ, ಅದಕ್ಕೊಂದು ಬಟ್ಟಲು, ಒಳಗೆ ಗ್ರೀಸು, ಮೇಲೆ ರಬ್ಬರ್ ಟೋಪಿ. ಟೋಪಿ ಹರಿದ ದಿನವೇ ಕೀಲಿನ ಆಯುಸ್ಸು ಇಳಿಯಲು ಶುರು. ಮಣ್ಣು, ನೀರು ಒಳಗೆ ಹೋಗಿ ಗ್ರೀಸು ಮರಳು ಕಾಗದದ ಕೆಲಸ ಮಾಡುತ್ತದೆ.

ಸ್ಟೇರಿಂಗ್ ಕಡೆಯಿಂದ ಬರುವ ಸಣ್ಣ ಸರಳು ಟೈ ರಾಡ್. ಅದರ ತುದಿಯ ಕೀಲು ಟೈ ರಾಡ್ ಎಂಡ್. ಇನ್ನು ಎಡದಿಂದ ಬಲಕ್ಕೆ ಬಾಗಿ ಬಂದು ಎರಡೂ ಲೋವರ್ ಆರ್ಮ್‌ಗಳನ್ನು ಹಿಡಿದಿರುವ ಸರಳು ಸ್ಟೆಬಿಲೈಸರ್ ಬಾರ್. ತಿರುವಿನಲ್ಲಿ ಕಾರು ವಾಲದಂತೆ ನೋಡಿಕೊಳ್ಳುವುದು ಅದರ ಕೆಲಸ. 800ರಲ್ಲಿ ಇನ್ನೊಂದು ಕೆಲಸವೂ ಇದೆ. ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಸರಿಯದಂತೆ ಲೋವರ್ ಆರ್ಮನ್ನು ಹಿಡಿದಿಡುವುದೂ ಇದೇ ಸರಳು. ಆದ್ದರಿಂದ ಅದರ ತುದಿಯ ಬುಷ್ ಸವೆದರೆ ಸದ್ದಿನ ಜೊತೆಗೆ ಬ್ರೇಕ್ ಹಾಕಿದಾಗ ಕಾರು ಒಂದು ಕಡೆ ಎಳೆಯಲೂಬಹುದು.

ಈ ಸ್ಟ್ರಟ್ ವಿನ್ಯಾಸ ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕನ್ ಎಂಜಿನಿಯರ್‌ನದು. ಚಕ್ರ ಹಿಡಿಯಲು ಮೇಲೊಂದು ಕೆಳಗೊಂದು ತೋಳು ಬೇಕು ಅನ್ನುತ್ತಿದ್ದ ಕಾಲದಲ್ಲಿ ಅವನು ಮೇಲಿನ ತೋಳನ್ನೇ ತೆಗೆದುಹಾಕಿದ. ಜಾಗ ಉಳಿಯಿತು, ಖರ್ಚು ಇಳಿಯಿತು. ಆದರೆ ಕೆಳಗೆ ಚಕ್ರವನ್ನು ಹಿಡಿದಿರುವುದು ಒಂದೇ ಒಂದು ಬಾಲ್ ಜಾಯಿಂಟ್ ಆಯಿತು. ಅದು ಕಳಚಿದರೆ ಚಕ್ರ ಹೊರಕ್ಕೆ ಮಡಚಿ ಕಾರು ಮುಂಗಾಲೂರುತ್ತದೆ. ರಸ್ತೆ ಬದಿ ಹಾಗೆ ನಿಂತ ಕಾರನ್ನು ನೀವೂ ನೋಡಿರುತ್ತೀರಿ.

ಕಳ್ಳನನ್ನು ಹುಡುಕುವುದು

ಮೊದಲ ಸುಳಿವು ಸದ್ದು ಯಾವಾಗ ಬರುತ್ತದೆ ಅನ್ನುವುದು. ಒಂದು ಚಕ್ರ ಮಾತ್ರ ಏರಿಳಿದಾಗ ‘ಟೊಕ್’ ಅಂದರೆ ಸ್ಟೆಬಿಲೈಸರ್ ಬುಷ್ ಮೇಲೆ ಅನುಮಾನ ಇಡಿ. ಬ್ರೇಕ್ ಹಿಡಿದ ಕ್ಷಣ ಒಂದೇ ಒಂದು ‘ಟಕ್’ ಬಂದರೆ ಲೋವರ್ ಆರ್ಮ್ ಬುಷ್ ನೋಡಿ. ಕಲ್ಲು ಕಿತ್ತ ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ ಸ್ಟೇರಿಂಗ್ ಹಿಡಿದ ಕೈಗೇ ‘ಕಟಕಟ’ ಬಡಿದರೆ ಟೈ ರಾಡ್ ಎಂಡ್, ಇಲ್ಲವೇ ಟೈ ರಾಡ್‌ಗಳನ್ನು ಎಡಬಲಕ್ಕೆ ತಳ್ಳುವ ಸ್ಟೇರಿಂಗ್ ರ್‍ಯಾಕ್. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಬಿಟ್ಟ ಹಾಗೆ ‘ಟಂಯ್’ ಅಂದರೆ ಸ್ಟ್ರಟ್‌ನ ತಲೆಯ ಬೇರಿಂಗ್. ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ‘ಕಟ್ ಕಟ್ ಕಟ್’ ಬಂದರೆ ಅದು ಸಸ್ಪೆನ್ಷನ್ ಅಲ್ಲವೇ ಅಲ್ಲ. ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟ್‌ನ ಕೀಲು ಹೋಗಿದೆ. ಅದರ ದಾರಿಯೇ ಬೇರೆ.

ಇವೆಲ್ಲ ಅನುಮಾನ ಮಾತ್ರ. ಸಾಕ್ಷಿಗೆ ಕೈ ಬೇಕು.

ಕಾರು ನೆಲದ ಮೇಲೆ ನಿಂತಿರಲಿ, ಎಂಜಿನ್ ಆಫ್ ಆಗಿರಲಿ. ಮನೆಯಲ್ಲಿ ಯಾರನ್ನಾದರೂ ಡ್ರೈವರ್ ಸೀಟಲ್ಲಿ ಕೂರಿಸಿ, ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಎರಡೇ ಬೆರಳಷ್ಟು ಆಡಿಸಲು ಹೇಳಿ. ಜೋರಾಗಿ ಬೇಡ. ನೀವು ಟೈ ರಾಡ್ ಎಂಡ್ ಮೇಲೆ ಅಂಗೈ ಇಡಿ. ಕೀಲು ಗಟ್ಟಿಯಾಗಿದ್ದರೆ ಸರಳು, ಕೀಲು ಒಟ್ಟಿಗೇ ಅಲುಗುತ್ತವೆ. ಸವೆದಿದ್ದರೆ ಸರಳು ಮೊದಲು ಅಲುಗಿ, ಚಕ್ರದ ಕಡೆಯ ಭಾಗ ಒಂದು ಗಳಿಗೆ ತಡವಾಗಿ ಹಿಂಬಾಲಿಸುತ್ತದೆ. ಆ ನಡುವಿನ ‘ಟಿಕ್’ ಕಿವಿಗಿಂತ ಮೊದಲು ಅಂಗೈಗೆ ಗೊತ್ತಾಗುತ್ತದೆ. ನನಗಂತೂ ಇದು ಇಡೀ ಕೆಲಸದಲ್ಲಿ ತುಂಬಾ ಖುಷಿ ಕೊಡುವ ಗಳಿಗೆ.

ಆಮೇಲೆ ಮುಂದಿನ ಚಕ್ರ ಎತ್ತಿ (ಎತ್ತುವ ಕ್ರಮ ಕೆಳಗಿದೆ). ಚಕ್ರವನ್ನು ಗಡಿಯಾರ ಅಂದುಕೊಳ್ಳಿ. 9 ಮತ್ತು 3ರ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಲೊಡಕ್ ಅಂದರೆ ಸ್ಟೇರಿಂಗ್ ಕೀಲುಗಳತ್ತ ನೋಡಿ. 12 ಮತ್ತು 6ರಲ್ಲಿ ಹಿಡಿದಾಗ ಲೊಡಕ್ ಅಂದರೆ ಬಾಲ್ ಜಾಯಿಂಟ್ ಇರಬಹುದು, ವೀಲ್ ಬೇರಿಂಗೂ ಇರಬಹುದು. ಎರಡರಲ್ಲಿ ಯಾವುದು? ಒಳಗೆ ಕೂತವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲುಗಿಸಿ. ಬ್ರೇಕ್ ಡಿಸ್ಕನ್ನು ಬಿಗಿ ಹಿಡಿದಾಗ ಲೊಡಕು ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಬಾಲ್ ಜಾಯಿಂಟ್.

ಕೊನೆಗೆ ಉದ್ದನೆಯ ಲಿವರ್ ಒಂದನ್ನು ಲೋವರ್ ಆರ್ಮ್ ಮತ್ತು ಚಾಸಿ ನಡುವೆ ತೂರಿಸಿ ಮೆಲ್ಲಗೆ ಮೀಟಿ. ರಬ್ಬರ್ ಬುಷ್ ಸ್ವಲ್ಪ ಹಿಗ್ಗಬೇಕು, ಬಿಟ್ಟಾಗ ಹಿಂದಕ್ಕೆ ಬರಬೇಕು. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ, ರಬ್ಬರ್ ಸೀಳಿ ಬಾಯಿ ಬಿಟ್ಟರೆ ಅದರ ಕತೆ ಮುಗಿದಿದೆ. ಸ್ಟೆಬಿಲೈಸರ್ ತುದಿಗಳನ್ನೂ ಹೀಗೇ ಮೀಟಿ ನೋಡಿ. ನನ್ನ ಕಾರಿನ ಬುಷ್ ಹೊರಗಿನಿಂದ ಕಪ್ಪಗೆ, ಗುಂಡಗೆ, ಹೊಸದರ ಹಾಗೇ ಇತ್ತು. ಲಿವರ್ ತಾಗಿಸಿದರೆ ಸರಳು ಅದರೊಳಗೆ ಬಾವಿಗಿಳಿಬಿಟ್ಟ ಕೊಡದ ಹಾಗೆ ಓಲಾಡುತ್ತಿತ್ತು.

ಶಾಕ್ ಅಬ್ಸಾರ್ಬರ್ ಹೋಗಿದ್ದರೆ ಲಕ್ಷಣ ಬೇರೆ. ಹಂಪ್ ದಾಟಿದ ಮೇಲೂ ಕಾರು ತೊಟ್ಟಿಲ ಹಾಗೆ ಎರಡು ಮೂರು ಸಲ ತೂಗುತ್ತದೆ. ಸ್ಟ್ರಟ್ ಮೈ ಮೇಲೆ ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿರುತ್ತದೆ. ಸಣ್ಣ ಜಿಡ್ಡಿನ ಪಸೆ ಇದ್ದ ಮಾತ್ರಕ್ಕೆ ಬದಲಿಸಬೇಕಿಲ್ಲ, ಧಾರೆ ಇಳಿದಿದ್ದರೆ ಬದಲಿಸಿ. ಬದಲಿಸುವುದಾದರೆ ಎಡ ಬಲ ಜೋಡಿಯಾಗಿಯೇ. ಆ ಮಾತು ಗ್ಯಾರೇಜಿನವರು ಸರಿಯಾಗೇ ಹೇಳಿದ್ದರು!

ಸಾಮಾನು

ಪಾರ್ಟ್ ಕೊಳ್ಳುವಾಗ ಕಾರಿನ ವರ್ಷ, ಚಾಸಿ ನಂಬರ್ ಹೇಳಿ. 30 ವರ್ಷ ಓಡಿದ ಮಾಡೆಲ್ಲು, ನಡುವೆ ಬದಲಾದ ಪಾರ್ಟುಗಳಿವೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ಬೇರೆ ಊರಲ್ಲೂ ಹಳೆ ಸ್ಪೇರ್ ಅಂಗಡಿಯವರಿಗೆ 800 ಅಂದರೆ ಬಾಯಿಪಾಠ. ರಬ್ಬರ್ ಬುಷ್, ಬಾಲ್ ಜಾಯಿಂಟ್ ವಿಷಯದಲ್ಲಿ ಮಾತ್ರ ಅಗ್ಗದ ಮಾಲಿಗೆ ಆಸೆ ಪಡಬೇಡಿ. ಗುಜರಿಯಿಂದ ಬಾಗಿಲು ತನ್ನಿ, ಬಂಪರ್ ತನ್ನಿ, ಕೀಲು ತರಬೇಡಿ. ಹೊಸ ಸ್ಪ್ಲಿಟ್ ಪಿನ್ (ನಟ್ ಕಳಚದಂತೆ ತೂರಿಸಿ ಮಡಚುವ ತಂತಿ) ಕೇಳಿ ಪಡೆಯಿರಿ. ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವುದು ನಮ್ಮ ಕಡೆ ದೊಡ್ಡ ಚಟ. ಒಮ್ಮೆ ಬಗ್ಗಿದ ತಂತಿ ಎರಡನೇ ಸಲ ಬಗ್ಗಿದಲ್ಲೇ ಮುರಿಯಬಹುದು.

ಉಳಿದಂತೆ ರಿಂಗ್ ಸ್ಪ್ಯಾನರ್ ಸೆಟ್, ಸಾಕೆಟ್ ಸೆಟ್, ಎರಡು ಸುತ್ತಿಗೆ, ಕಟಿಂಗ್ ಪ್ಲೇಯರ್, ವೈರ್ ಬ್ರಷ್, ಲಿವರ್, ಚಾಕ್‌ಪೀಸು, ತುಕ್ಕು ಬಿಡಿಸುವ ಸ್ಪ್ರೇ. ಬಿಗಿ ಅಳೆಯುವ ಟಾರ್ಕ್ ರೆಂಚ್ ಬಾಡಿಗೆಗೆ ಅಥವಾ ಕೈಗಡ ಸಿಕ್ಕರೆ ತನ್ನಿ. ಯಾವ ಬೋಲ್ಟಿಗೆ ಎಷ್ಟು ಬಿಗಿ ಅನ್ನುವುದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಕರಾವಳಿಯ ಕಾರಾದರೆ ಸ್ಪ್ರೇಯನ್ನು ಹಿಂದಿನ ರಾತ್ರಿಯೇ ನಟ್ಟುಗಳಿಗೆ ಹೊಡೆದು ನೆನೆಯಲು ಬಿಡಿ. ಉಪ್ಪುಗಾಳಿ ತಿಂದ ನಟ್ಟು ಬೆಳಿಗ್ಗೆ ಕೇಳಿದ ಕೂಡಲೇ ಬಿಡುವುದಿಲ್ಲ.

ಎತ್ತುವುದು

ಇಲ್ಲಿ ಸ್ವಲ್ಪ ಗದರುವ ದನಿಯಲ್ಲೇ ಹೇಳುತ್ತೇನೆ. ಜಾಕಿ ಎತ್ತಲು ಮಾತ್ರ, ಹೊರಲು ಅಲ್ಲ. ಎತ್ತಿದ ಮೇಲೆ ಕಾರನ್ನು ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್, ಸೈಜುಗಲ್ಲು ಯಾವುದೂ ಬೇಡ. ಅವು ಬಿರುಕು ಬಿಡುವ ಮೊದಲು ಮುನ್ಸೂಚನೆ ಕೊಡುವುದಿಲ್ಲ.

ಗಟ್ಟಿ, ಮಟ್ಟಸ ನೆಲ ಇರಲಿ. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಹಾಕಿ, ಹಿಂದಿನ ಚಕ್ರಗಳ ಎರಡೂ ಬದಿಗೆ ಅಡೆ ಕೊಡಿ. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಮುಂದಿನ ಎರಡೂ ಚಕ್ರ ಎತ್ತಿ. ಒಂದೇ ಕಡೆ ಎತ್ತಿದರೆ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ನಿಲ್ಲುತ್ತದೆ, ಬಿಚ್ಚುವಾಗ ಸಿಡಿಯುತ್ತದೆ. ಸ್ಟ್ಯಾಂಡ್ ಕೂರಿಸುವ ಪಟ್ಟಿ ತುಕ್ಕು ಹಿಡಿದಿದೆಯಾ ಅಂತ ಬೆರಳಲ್ಲಿ ಕುಟ್ಟಿ ನೋಡಿ. ಹಳೆ 800ರಲ್ಲಿ ಸ್ಟ್ಯಾಂಡು ಹಪ್ಪಳ ತೂರಿದ ಹಾಗೆ ಒಳಹೋಗಬಹುದು. ಕೂರಿಸಿದ ಮೇಲೆ ಕಾರನ್ನು ಕೈಯಿಂದ ಜೋರಾಗಿ ತಳ್ಳಿ ನೋಡಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ. ಬಿಚ್ಚಿದ ಚಕ್ರ, ಸ್ಟೆಪ್ನಿ ಎರಡನ್ನೂ ಕಾರಿನ ಅಡಿಗೆ ಮಲಗಿಸಿಡಿ, ಇನ್ನೊಂದು ಕಾವಲು. (ಸ್ಟೆಪ್ನಿ ಅನ್ನುವ ಹೆಸರು ವೇಲ್ಸ್‌ನ ಲ್ಯಾನೆಲ್ಲಿ ಊರಿನ ಸ್ಟೆಪ್ನಿ ಸ್ಟ್ರೀಟಿನಿಂದ ಬಂದದ್ದು. 1904ರಲ್ಲಿ ಅಲ್ಲಿನ ಅಣ್ಣತಮ್ಮಂದಿರು ರೂಪಿಸಿದ ಹೆಚ್ಚುವರಿ ಚಕ್ರದ ಹೆಸರು ನಮ್ಮ ಬಾಯಲ್ಲಿ ಇನ್ನೂ ಉಳಿದಿದೆ.)

ಟೈ ರಾಡ್ ಎಂಡ್ ಬದಲಿಸುವುದು

ಮೊದಲು ಥ್ರೆಡ್ಡುಗಳನ್ನು ವೈರ್ ಬ್ರಷ್‌ನಿಂದ ಉಜ್ಜಿ. ಟೈ ರಾಡ್ ಮೇಲಿನ ಲಾಕ್ ನಟ್ ಎಲ್ಲಿದೆ ಅಂತ ಚಾಕ್‌ಪೀಸಿನಿಂದ ಗುರುತು ಹಾಕಿ, ಮೊಬೈಲಲ್ಲಿ ಒಂದು ಫೋಟೊ ತೆಗೆಯಿರಿ. ಲಾಕ್ ನಟ್ಟನ್ನು ಕಾಲು ಸುತ್ತು ಮಾತ್ರ ಸಡಿಲಿಸಿ.

ಈಗ ಕೀಲಿನ ನಟ್. ಅದರ ತಲೆಯಲ್ಲಿ ಕಿರೀಟದ ಹಾಗೆ ಸೀಳುಗಳಿವೆ, ನಡುವೆ ಸ್ಪ್ಲಿಟ್ ಪಿನ್ ತೂರಿದೆ. ಪಿನ್ ಕಿತ್ತು ನಟ್ ಬಿಚ್ಚಿ. ನಟ್ ಬಂದರೂ ಕೀಲು ಬರುವುದಿಲ್ಲ. ಗಾಬರಿ ಬೇಡ. ನಟ್ ಕೂತಿದ್ದ ಕೀಲಿನ ಕಡ್ಡಿ ಕ್ಯಾರೆಟ್ಟಿನ ಹಾಗೆ ಒಂದು ಕಡೆ ಸಪೂರ, ತೂತೂ ಹಾಗೇ ಇರುತ್ತದೆ. ವರ್ಷಗಟ್ಟಲೆ ಒಳಗೆ ಬೆಣೆ ಬಡಿದ ಹಾಗೆ ಕೂತಿದೆ. ಕೀಲು ಬಿಡಿಸುವ ಪುಲ್ಲರ್ ಇದ್ದರೆ ಹಾಕಿ ಬಿಗಿಮಾಡಿ. ಇಲ್ಲದಿದ್ದರೆ ಗ್ಯಾರೇಜಿನ ಉಪಾಯ ಇದೆ. ಕಡ್ಡಿಯ ತುದಿಗೆ ಹೊಡೆಯಬೇಡಿ, ಕಡ್ಡಿ ಕೂತಿರುವ ಉಂಗುರದ ಪಕ್ಕಕ್ಕೆ ಹೊಡೆಯಿರಿ. ಒಂದು ಬದಿಗೆ ದೊಡ್ಡ ಸುತ್ತಿಗೆ ಒತ್ತಿ ಹಿಡಿದು, ಎದುರು ಬದಿಗೆ ಇನ್ನೊಂದರಿಂದ ಎರಡು ಮೂರು ಏಟು ಬಿಗಿಯಾಗಿ ಕೊಡಿ. ಉಂಗುರ ಒಂದು ಕ್ಷಣ ಅಂಡಾಕಾರಕ್ಕೆ ತಿರುಗಿ ಕಡ್ಡಿಯ ಪಟ್ಟು ಬಿಡುತ್ತದೆ. ‘ಟಪ್’ ಅಂತ ಕೀಲು ಕಳಚುತ್ತದೆ. ಅದು ಹಾರದಿರಲು ನಟ್ಟನ್ನು ಎರಡು ಥ್ರೆಡ್ ಮಾತ್ರ ಹಿಡಿಸಿಟ್ಟಿರಿ.

ಈಗ ಹಳೆ ಎಂಡನ್ನು ಬಿಚ್ಚುತ್ತಾ ಸುತ್ತು ಎಣಿಸಿ. ಬಾಯಿಬಿಟ್ಟು ಎಣಿಸಿ. ನಡುವೆ ಫೋನ್ ಬಂದರೆ ಎತ್ತಬೇಡಿ. ಹದಿನಾರೂವರೆ ಸುತ್ತಿಗೆ ಬಂತು ಅಂದರೆ ಹೊಸದು ಹದಿನಾರೂವರೆ ಸುತ್ತೇ ಹೋಗಬೇಕು. ಇಷ್ಟು ಪಟ್ಟು ಯಾಕೆ ಅಂದರೆ, ಥ್ರೆಡ್ಡಿನ ಪಿಚ್ 1.25 ಮಿ.ಮೀ. ಇದ್ದರೆ ಒಂದೇ ಒಂದು ಸುತ್ತು ತಪ್ಪಿದರೂ ಟೈ ರಾಡ್ ಅಷ್ಟು ಗಿಡ್ಡವೋ ಉದ್ದವೋ ಆಗುತ್ತದೆ. ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಲು ಅಷ್ಟು ಸಾಕು. ಟೈರು ಒಂದು ಅಂಚಿನಲ್ಲಿ ಮಾತ್ರ ಸವೆಯುತ್ತಾ ಹೋಗುತ್ತದೆ.

ಹೊಸದನ್ನು ಕೂರಿಸುವ ಮೊದಲು ಉಂಗುರದ ಒಳಗನ್ನು ಬಟ್ಟೆಯಿಂದ ಒರೆಸಿ. ಅಲ್ಲಿ ಗ್ರೀಸು ಹಚ್ಚಬೇಡಿ, ಬೆಣೆ ಒಣಗಿಯೇ ಕೂರಬೇಕು. ನಟ್ ಬಿಗಿದಾಗ ಕಿರೀಟದ ಸೀಳು, ಪಿನ್ನಿನ ತೂತು ಒಂದೇ ಗೆರೆಗೆ ಬರದಿದ್ದರೆ ಇನ್ನಷ್ಟು ಬಿಗಿದು ಗೆರೆಗೆ ತನ್ನಿ. ಸಡಿಲಿಸಿ ತರಬೇಡಿ. ಹೊಸ ಪಿನ್ ಹಾಕಿ, ಕಾಲುಗಳನ್ನು ಬಿಡಿಸಿ ಮಡಚಿ. ಲಾಕ್ ನಟ್ ಬಿಗಿ ಮಾಡಿ.

ಲೋವರ್ ಆರ್ಮ್

ಬಾಲ್ ಜಾಯಿಂಟ್ ಹೋಗಿದ್ದರೆ ಆರ್ಮ್ ಸಮೇತ ಬದಲಿಸುವುದೇ ನನ್ನ ಸಲಹೆ. ಕೀಲು ಮಾತ್ರ ಒತ್ತಿ ಕೂರಿಸಿಕೊಡುವವರು ಇದ್ದಾರೆ. ಅದಕ್ಕೆ ಪ್ರೆಸ್ ಬೇಕು, ಕೈ ಪಳಗಿರಬೇಕು. ಮನೆಯಂಗಳದ ಕೆಲಸ ಅಲ್ಲ. ಆರ್ಮ್‌ನಲ್ಲಿ ಎಡದ್ದು ಬಲದ್ದು ಬೇರೆ, ಅಂಗಡಿಯಲ್ಲೇ ನೋಡಿಕೊಳ್ಳಿ.

ಬಿಚ್ಚಬೇಕಾದದ್ದು ಮೂರು ಕಡೆ. ಮೊದಲು ಸ್ಟೆಬಿಲೈಸರ್ ತುದಿಯ ಪಿನ್, ನಟ್, ವಾಷರ್, ಬುಷ್. ಯಾವುದರ ಮೇಲೆ ಯಾವುದಿತ್ತು, ವಾಷರ್‌ನ ಬಟ್ಟಲು ಯಾವ ಕಡೆಗಿತ್ತು ಅಂತ ಫೋಟೊ ತೆಗೆದಿಡಿ. ಸರಳು ಬಿಗಿಯಾಗಿದ್ದರೆ ಚಾಸಿಗೆ ಅದನ್ನು ಹಿಡಿದಿರುವ ಕ್ಲ್ಯಾಂಪುಗಳನ್ನು ಸಡಿಲಿಸಿ. ಆಮೇಲೆ ಚಕ್ರದ ಕಡೆ ಬಾಲ್ ಜಾಯಿಂಟಿನ ಕಡ್ಡಿಯನ್ನು ಹಿಸುಕಿ ಹಿಡಿದಿರುವ ಅಡ್ಡ ಬೋಲ್ಟು. ಅದನ್ನು ಪೂರ್ತಿ ಹೊರಗೆ ತೆಗೆಯಬೇಕು, ಸಡಿಲಿಸಿದರೆ ಸಾಲದು. ಕಡ್ಡಿಯ ಕುತ್ತಿಗೆಯಲ್ಲಿ ಒಂದು ಕಚ್ಚು ಇದೆ, ಬೋಲ್ಟು ಅದರಲ್ಲೇ ಹಾದುಹೋಗುತ್ತದೆ. ಇದು ಗೊತ್ತಿಲ್ಲದೆ ಸುತ್ತಿಗೆ ಬೀಸಿ ಸುಸ್ತಾದವರಲ್ಲಿ ನಾನೂ ಒಬ್ಬ. ಕೊನೆಗೆ ಒಳತುದಿಯ ಬೋಲ್ಟು. ಆರ್ಮನ್ನು ಕೆಳಕ್ಕೆ ಮೀಟಿದರೆ ಕೈಗೆ ಬರುತ್ತದೆ. ಚಕ್ರದ ಭಾಗ ತೀರಾ ಹೊರಕ್ಕೆ ವಾಲದಂತೆ ನೋಡಿಕೊಳ್ಳಿ, ಬ್ರೇಕ್ ಹೋಸ್, ಡ್ರೈವ್ ಶಾಫ್ಟ್ ಎಳೆಯಬಾರದು.

ಹೊಸದನ್ನು ಕೂರಿಸುವುದು ಇದರ ಉಲ್ಟಾ ಕ್ರಮ. ಆದರೆ ಒಂದು ಕಡೆ ತುಂಬಾ ಜನ ಎಡವುತ್ತಾರೆ. ಗ್ಯಾರೇಜಿನವರೂ ಎಡವುತ್ತಾರೆ.

ಬುಷ್ ಇರುವ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗ ಕೊನೆಯ ಬಿಗಿ ಕೊಡಬಾರದು. ಬುಷ್‌ನ ಒಳಗೆ ಒಂದು ಕಬ್ಬಿಣದ ಕೊಳವೆ ಇದೆ, ರಬ್ಬರ್ ಅದಕ್ಕೆ ಅಂಟಿಕೊಂಡಿದೆ. ಬೋಲ್ಟು ಬಿಗಿದರೆ ಆ ಕೊಳವೆ ಚಾಸಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಆರ್ಮ್ ಏರಿಳಿಯುವಾಗ ಉಜ್ಜಾಟ ನಡೆಯುವುದಿಲ್ಲ, ರಬ್ಬರ್ ತಿರುಚಿಕೊಳ್ಳುತ್ತದೆ, ಅಷ್ಟೇ. ಈಗ ಯೋಚಿಸಿ. ಆರ್ಮ್ ಕೆಳಗೆ ಜೋತುಬಿದ್ದಿರುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡೇ ಇರುತ್ತದೆ. ನಿಂತಾಗಲೂ ಬಿಡುವಿಲ್ಲ. ಬೇಗ ಸೀಳುತ್ತದೆ. ‘ಹೊಸ ಬುಷ್ ಹಾಕಿ ಆರು ತಿಂಗಳಾಗಿಲ್ಲ, ಮತ್ತೆ ಸದ್ದು’ ಅನ್ನುವ ಎಷ್ಟೋ ದೂರುಗಳ ಮೂಲ ಇದೇ.

ಆದ್ದರಿಂದ ಬೋಲ್ಟುಗಳನ್ನು ಮೊದಲು ಕೈಬಿಗಿ ಮಾತ್ರ ಮಾಡಿ. ಜಾಕಿಯನ್ನು ಲೋವರ್ ಆರ್ಮ್‌ನ ಹೊರತುದಿಗೆ ಕೊಟ್ಟು, ನಡುವೆ ಮರದ ತುಂಡಿಟ್ಟು, ನಿಧಾನಕ್ಕೆ ಎತ್ತಿ. ಕಾರು ಸ್ಟ್ಯಾಂಡಿನಿಂದ ಕೂದಲೆಳೆಯಷ್ಟು ಏಳಲು ಹೊರಟಾಗ ನಿಲ್ಲಿಸಿ. ಆರ್ಮ್ ಈಗ ಕಾರು ನೆಲದ ಮೇಲೆ ನಿಂತಾಗ ಇರುವ ಭಂಗಿಯಲ್ಲಿದೆ. ಈಗ ಪೂರ್ತಿ ಬಿಗಿ ಕೊಡಿ. ಸ್ಟೆಬಿಲೈಸರ್ ನಟ್ಟುಗಳೂ ಹಾಗೇ. ಅಡ್ಡ ಬೋಲ್ಟಿಗೆ ಮಾತ್ರ ಈ ನಿಯಮ ಬೇಡ, ಅಲ್ಲಿ ರಬ್ಬರ್ ಇಲ್ಲ.

ಮುಟ್ಟಬಾರದ್ದು

ಸ್ಟ್ರಟ್‌ನ ಸ್ಪ್ರಿಂಗ್ ಬಿಚ್ಚುವ ಕೆಲಸ ಮನೆಯಲ್ಲಿ ಬೇಡ. ಒತ್ತಿಟ್ಟ ಸ್ಪ್ರಿಂಗ್ ಕೈ ತಪ್ಪಿದರೆ ಕೋವಿಯ ಗುಂಡೇ. ಸ್ಪ್ರಿಂಗ್ ಒತ್ತಿ ಹಿಡಿಯುವ ಸರಿಯಾದ ಕಂಪ್ರೆಸರ್ ಇರುವಲ್ಲಿಗೆ ಒಯ್ಯಿರಿ. ಸ್ಟೇರಿಂಗ್ ರ್‍ಯಾಕ್ ಒಳಗಿನ ಕೆಲಸವೂ ಹಾಗೇ.

ಹಿಂದಿನ ಶಾಕ್‌ಗಳನ್ನು ಮಾತ್ರ ಧೈರ್ಯವಾಗಿ ಬದಲಿಸಬಹುದು. ಅಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಬಿಚ್ಚುವ ಮೊದಲು ಆಕ್ಸಲ್‌ಗೆ ಜಾಕಿ ಆಸರೆ ಕೊಡುವುದನ್ನು ಮರೆಯಬೇಡಿ. ಆಕ್ಸಲ್ ಹೆಚ್ಚು ಕೆಳಗಿಳಿಯದಂತೆ ತಡೆದಿರುವುದು ಆ ಶಾಕ್‌ಗಳೇ.

ಇಳಿಸಿದ ಮೇಲೆ

ಚಕ್ರದ ನಟ್ಟುಗಳನ್ನು ಎದುರುಬದುರು ಕ್ರಮದಲ್ಲಿ ಬಿಗಿ ಮಾಡಿ. ಮೊದಲ ಸವಾರಿ ನೇರ ಅಲೈನ್‌ಮೆಂಟ್ ಅಂಗಡಿಗೆ, ನಿಧಾನಕ್ಕೆ. ಎಷ್ಟೇ ಸುತ್ತು ಎಣಿಸಿದ್ದರೂ ಇದನ್ನು ಬಿಡುವಂತಿಲ್ಲ. ಹೊಸ ಎಂಡಿನ ಉದ್ದ ಹಳೆಯದಕ್ಕೆ ಸರಿಸಮ ಇರುತ್ತದೆ ಅಂತ ಭರವಸೆ ಇಲ್ಲ. ಅಲ್ಲಿ ಒಂದು ಮಾತು ಕಿವಿಯಲ್ಲಿರಲಿ. ಕಾರು ನೇರ ಹೋಗುತ್ತಿದ್ದರೂ ಸ್ಟೇರಿಂಗ್ ವೀಲ್ ಸೊಟ್ಟ ನಿಂತರೆ, ಕೆಲವರು ವೀಲನ್ನೇ ಕಳಚಿ ನೇರ ಕೂರಿಸಿ ಕಳಿಸುತ್ತಾರೆ. ಒಪ್ಪಬೇಡಿ. ಎರಡೂ ಟೈ ರಾಡ್‌ಗಳನ್ನು ಸಮಸಮವಾಗಿ ತಿರುಗಿಸಿ ನೇರ ಮಾಡಲು ಹೇಳಿ. ಇಲ್ಲದಿದ್ದರೆ ರ್‍ಯಾಕ್ ನಡುಮಧ್ಯ ಬಿಟ್ಟು ಪಕ್ಕಕ್ಕೆ ನಿಲ್ಲುತ್ತದೆ, ಒಂದು ಕಡೆ ಜಾಸ್ತಿ ಇನ್ನೊಂದು ಕಡೆ ಕಮ್ಮಿ ತಿರುಗುತ್ತದೆ.

ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಕೆಳಗೆ ಇಣುಕಿ. ಸ್ಪ್ಯಾನರ್ ಹಾಕಿ ಪ್ರತಿ ನಟ್ಟನ್ನೂ ಮುಟ್ಟಿ ನೋಡಿ, ಪಿನ್ನುಗಳು ಜಾಗದಲ್ಲಿವೆಯಾ ಅಂತ ಟಾರ್ಚ್ ಬಿಡಿ. ನಾನು ಹೀಗೆ ನೋಡಿದಾಗ ಎಡಗಡೆಯ ಸ್ಟೆಬಿಲೈಸರ್ ಕ್ಲ್ಯಾಂಪಿನ ಒಂದು ಬೋಲ್ಟು ಕೈಗೇ ತಿರುಗಿತು. ಅದನ್ನು ಬಿಗಿದಿದ್ದೇನೆ ಅಂತ ಅಪ್ಪನ ಹತ್ತಿರ ಎರಡು ಸಲ ಹೇಳಿದ್ದೆ.